ಸ್ಕ್ಯಾನ್ ಖರ್ಚು: ವಿಮೆ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು? ಚೀಟಿ ಕೈಗೆ ಬಂದಾಗಿನಿಂದ ಕ್ಲೈಮ್ ಮುಗಿಯುವವರೆಗೆ

ಡಾಕ್ಟರ್ ‘ಒಂದು ಎಂಆರ್‌ಐ ಮಾಡಿಸ್ಕೊಂಡು ಬನ್ನಿ’ ಎಂದು ಚೀಟಿ ಕೊಟ್ಟಾಗ ಕೆಲವರು ಅವರು ಹೇಳಿದ ಸೆಂಟರ್‌ಗೇ ಹೋಗಿ ಕೇಳಿದಷ್ಟು ಕೊಟ್ಟು ಬರುತ್ತಾರೆ. ಇನ್ನು ಕೆಲವರು ‘ಹೇಗೂ ಇನ್ಶೂರೆನ್ಸ್ ಇದೆಯಲ್ಲ’ ಎಂದು ಧೈರ್ಯವಾಗಿ ಕಾರ್ಡ್ ತೋರಿಸುತ್ತಾರೆ. ಕೌಂಟರ್‌ನಲ್ಲಿ ‘ಇದಕ್ಕೆ ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ನೇರವಾಗಿ ಬಿಲ್ ಕಟ್ಟುವುದು) ಬರಲ್ಲ’ ಎಂಬ ಉತ್ತರ ಬಂದಾಗ ಏನು ಮಾಡಬೇಕೆಂದು ತೋಚುವುದಿಲ್ಲ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಮನೆಗೆ ಎಂಟು ಸಾವಿರದ ಸ್ಕ್ಯಾನ್ ಎಂದರೆ ಅರ್ಧ ತಿಂಗಳ ದುಡಿಮೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆ ಹಣ ಕೊಡುವುದು ಆಸ್ಪತ್ರೆಗೆ ದಾಖಲಾಗಿ ಪಡೆದ ಚಿಕಿತ್ಸೆಗೆ. ಆ ಚಿಕಿತ್ಸೆಗೆ ಸೇರಿದ ಸ್ಕ್ಯಾನ್ ಆದರೆ ಅದರ ಖರ್ಚೂ ಬರುತ್ತದೆ. ಬರೀ ಸ್ಕ್ಯಾನ್ ಮಾಡಿಸಿಕೊಂಡು ಮನೆಗೆ ಬಂದರೆ ಹೆಚ್ಚಿನ ಪಾಲಿಸಿಗಳಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಇದು ತಲೆಯಲ್ಲಿದ್ದರೆ ಮುಂದಿನ ಹಂತಗಳೆಲ್ಲ ಸುಲಭ.

ಹಂತ 1: ಚೀಟಿಯಲ್ಲಿ ಏನಿದೆ ಎಂದು ಓದಿಸಿಕೊಳ್ಳಿ

ಡಾಕ್ಟರ್ ಕೋಣೆಯಿಂದ ಹೊರಗೆ ಬರುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಿ. ದೇಹದ ಯಾವ ಭಾಗದ ಸ್ಕ್ಯಾನ್? ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಿ ಬರಲು ಕೊಡುವ ಔಷಧಿ) ಬೇಕಾ, ಬೇಡವಾ? ಎಷ್ಟು ಅರ್ಜೆಂಟು, ಇವತ್ತೇ ಆಗಬೇಕಾ, ಒಂದು ವಾರ ಕಾಯಬಹುದಾ? ವರದಿಯಲ್ಲಿ ಏನು ಬಂದರೆ ಚಿಕಿತ್ಸೆ ಬದಲಾಗುತ್ತದೆ?

ನಾಲ್ಕನೆಯದನ್ನು ಕೇಳಲು ಹೆಚ್ಚಿನವರಿಗೆ ಸಂಕೋಚ. ಕೇಳಿ, ತಪ್ಪೇನಿಲ್ಲ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ. ‘ಸರ್, ಮೊದಲು ಅಲ್ಟ್ರಾಸೌಂಡ್‌ನಲ್ಲಿ ನೋಡಿದರೆ ಸಾಕಾಗಲ್ವಾ?’ ಎಂದು ವಿನಯವಾಗಿ ಕೇಳಿದರೆ ಕೆಲವೊಮ್ಮೆ ‘ಸರಿ, ಮೊದಲು ಅದನ್ನೇ ಮಾಡಿಸಿ’ ಎನ್ನುತ್ತಾರೆ. ಅಪಘಾತ, ಪಾರ್ಶ್ವವಾಯು ಅಥವಾ ಎದೆನೋವಿನ ಹೊತ್ತಿನಲ್ಲಿ ಮಾತ್ರ ಈ ಯಾವ ಲೆಕ್ಕವೂ ಬೇಡ. ಅಲ್ಲಿ ಒಂದೊಂದು ನಿಮಿಷವೂ ಮುಖ್ಯ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಸ್ಕ್ಯಾನ್ ಆಗಲಿ.

ಚೀಟಿಯಲ್ಲಿ ರೋಗಿಯ ಹೆಸರು, ತಾರೀಖು, ಯಾವ ತೊಂದರೆಗೆ ಈ ಸ್ಕ್ಯಾನ್ ಎಂಬುದು ಇರಬೇಕು. ಮೇಲೆ ವೈದ್ಯರ ಸಹಿ, ಸೀಲು ಇರಬೇಕು. ಮುಂದೆ ಕ್ಲೈಮ್ ಮಾಡುವಾಗ ಮೊದಲು ಕೇಳುವ ಕಾಗದ ಇದೇ.

ಹಂತ 2: ದರದ ಅಂದಾಜು ಇಟ್ಟುಕೊಳ್ಳಿ

ನಮ್ಮ ರಾಜ್ಯದ ದೊಡ್ಡ ಊರುಗಳ ಖಾಸಗಿ ಸೆಂಟರ್ ಮತ್ತು ಆಸ್ಪತ್ರೆಗಳಲ್ಲಿ ದರ ಸುಮಾರಾಗಿ ಹೀಗಿರುತ್ತದೆ:

- ಎಕ್ಸ್‌ರೇ, ಒಂದು ಭಾಗಕ್ಕೆ: 300ರಿಂದ 800 ರೂಪಾಯಿ
- ಹೊಟ್ಟೆಯ ಅಲ್ಟ್ರಾಸೌಂಡ್: 800ರಿಂದ 2,500
- ತಲೆಯ ಸಿಟಿ, ಕಾಂಟ್ರಾಸ್ಟ್ ಇಲ್ಲದೆ: 2,000ದಿಂದ 5,000
- ಹೊಟ್ಟೆಯ ಸಿಟಿ, ಕಾಂಟ್ರಾಸ್ಟ್ ಜೊತೆ: 6,000ದಿಂದ 14,000
- ಎಂಆರ್‌ಐ, ಒಂದು ಭಾಗ: 5,000ದಿಂದ 12,000
- ಇಡೀ ದೇಹದ ಪೆಟ್ ಸಿಟಿ (ಹೆಚ್ಚಾಗಿ ಕ್ಯಾನ್ಸರ್‌ಗೆ ಮಾಡಿಸುವ ಸ್ಕ್ಯಾನ್): 12,000ದಿಂದ 30,000

ಇಷ್ಟು ಅಂತರ ಯಾಕೆ? ಯಂತ್ರ ಒಂದು ಕಾರಣ. ಟೆಸ್ಲಾ ಎಂದರೆ ಎಂಆರ್‌ಐ ಯಂತ್ರದ ಅಯಸ್ಕಾಂತದ ಬಲದ ಅಳತೆ. 3 ಟೆಸ್ಲಾ ಯಂತ್ರಕ್ಕೆ 1.5 ಟೆಸ್ಲಾಗಿಂತ ಜಾಸ್ತಿ ಬಂಡವಾಳ ಬೇಕು, ಅದರ ದರವೂ ಜಾಸ್ತಿ. ಮೂರ್ಛೆರೋಗದ ಮೂಲ ಹುಡುಕುವಂಥ ಸೂಕ್ಷ್ಮ ಕೆಲಸಕ್ಕೆ 3 ಟೆಸ್ಲಾದಿಂದ ಅನುಕೂಲವಿದೆ. ಸೊಂಟನೋವು, ಮಂಡಿನೋವಿಗೆ ಹೆಚ್ಚಿನ ಸಲ 1.5 ಸಾಕು. ಯಾವುದು ಬೇಕು ಎಂದು ಡಾಕ್ಟರನ್ನೇ ಕೇಳಿ. ಸೆಂಟರ್‌ನವರ ಮಾತಿನ ಮೇಲೆ ಜಾಸ್ತಿ ದುಡ್ಡು ಕೊಡಬೇಡಿ.

ಕಾಂಟ್ರಾಸ್ಟ್ ಇನ್ನೊಂದು ಕಾರಣ. ರಕ್ತನಾಳಕ್ಕೆ ಕೊಡುವ ಈ ಔಷಧಿ ಎಂಆರ್‌ಐಗೆ ಗ್ಯಾಡೊಲಿನಿಯಂ, ಸಿಟಿಗೆ ಅಯೋಡಿನ್ ಇರುವಂಥದ್ದು. ಬಿಲ್ಲಿಗೆ ಸಾಮಾನ್ಯವಾಗಿ ಇನ್ನೆರಡು ಮೂರು ಸಾವಿರ ಸೇರುತ್ತದೆ. ಇದನ್ನು ಕೊಡುವ ಮುಂಚೆ ಕಿಡ್ನಿ ಹೇಗಿದೆ ಎಂದು ನೋಡಲು ಕ್ರಿಯಾಟಿನಿನ್ ರಕ್ತಪರೀಕ್ಷೆ ಕೇಳುತ್ತಾರೆ. ಇತ್ತೀಚೆಗೆ ಮಾಡಿಸಿದ ವರದಿ ಇದ್ದರೆ ತೆಗೆದುಕೊಂಡು ಹೋಗಿ, ಆ ಖರ್ಚು ಉಳಿಯಬಹುದು.

ಪೆಟ್ ಸಿಟಿ ದುಬಾರಿಯಾಗಲು ಬೇರೆಯೇ ಕಾರಣವಿದೆ. ಅದಕ್ಕೆ ಬಳಸುವ ಎಫ್‌ಡಿಜಿ ಔಷಧಿಯಲ್ಲಿರುವ ವಿಕಿರಣಶೀಲ ಫ್ಲೋರಿನ್ ಸುಮಾರು 110 ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದನ್ನು ತಂದು ಕಪಾಟಿನಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನಿಮ್ಮ ಹೆಸರಿಗೆ ತರಿಸಿದ ಡೋಸ್ ಆ ದಿನವೇ ಮುಗಿಯಬೇಕು. ಹಾಗಾಗಿ ಪೆಟ್ ಸಿಟಿಗೆ ಸಮಯ ತಪ್ಪಿಸಬಾರದು, ಹೇಳಿದಷ್ಟು ಗಂಟೆ ಉಪವಾಸ ಇರಲೇಬೇಕು, ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಬೇಕು.

ಅಂತರಕ್ಕೆ ಮೂರನೆಯ ಕಾರಣವೂ ಇದೆ, ಹೇಳಲು ಬೇಸರವಾಗುತ್ತದೆ. 2017ರ ಕೊನೆಯಲ್ಲಿ ಆದಾಯ ತೆರಿಗೆ ಇಲಾಖೆ ಬೆಂಗಳೂರಿನ ಕೆಲವು ಡಯಾಗ್ನೋಸ್ಟಿಕ್ ಸೆಂಟರ್‌ಗಳಲ್ಲಿ ಶೋಧ ನಡೆಸಿತ್ತು. ರೋಗಿಗಳನ್ನು ಕಳಿಸಿದ್ದಕ್ಕೆ ವೈದ್ಯರಿಗೆ ಎಂಆರ್‌ಐಯಲ್ಲಿ ಸಾಮಾನ್ಯವಾಗಿ 35%, ಸಿಟಿಯಲ್ಲಿ 20% ಕಮಿಷನ್ ಹೋಗುತ್ತಿತ್ತು ಎಂದು ಇಲಾಖೆಯೇ ಹೇಳಿತು. ವೈದ್ಯರು ಹೀಗೆ ಕಮಿಷನ್ ತೆಗೆದುಕೊಳ್ಳುವುದನ್ನು ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮ ನೇರವಾಗಿ ನಿಷೇಧಿಸುತ್ತದೆ. ಎಲ್ಲ ವೈದ್ಯರೂ ಹಾಗೆ ಎಂದು ನಾನು ಹೇಳುತ್ತಿಲ್ಲ. ಚೀಟಿಯ ಮೇಲೆ ಒಂದು ಸೆಂಟರ್‌ನ ಹೆಸರು ಅಚ್ಚಾಗಿದ್ದರೂ ಅಲ್ಲಿಗೇ ಹೋಗಬೇಕೆಂಬ ಕಾನೂನು ಇಲ್ಲ, ಅಷ್ಟು ನೆನಪಿರಲಿ.

ರೋಗ ಪತ್ತೆಗೆ ಮಾಡುವ ಸ್ಕ್ಯಾನ್ ಜಿಎಸ್‌ಟಿಯಿಂದ ಹೊರಗಿದೆ. ಬಿಲ್ಲಿನಲ್ಲಿ ಸ್ಕ್ಯಾನ್ ಮೇಲೆ ತೆರಿಗೆ ಹಾಕಿದ್ದರೆ ಯಾಕೆ ಎಂದು ಕೇಳಿ.

ಹಂತ 3: ಮೂರು ಕಡೆ ಫೋನ್ ಮಾಡಿ

ನೇರವಾಗಿ ಹೋಗಿ ಕೂತುಬಿಟ್ಟರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಅದಕ್ಕೇ ಮನೆಯಲ್ಲೇ ಕೂತು ಕೇಳಿ. ಒಂದು ದೊಡ್ಡ ಆಸ್ಪತ್ರೆ, ಒಂದು ಸ್ಕ್ಯಾನಿಂಗ್ ಸೆಂಟರ್, ಒಂದು ಸರ್ಕಾರಿ ಆಸ್ಪತ್ರೆ ಅಥವಾ ಟ್ರಸ್ಟ್ ಆಸ್ಪತ್ರೆ. ‘ಎಂಆರ್‌ಐ ಎಷ್ಟು?’ ಎಂದಷ್ಟೇ ಕೇಳಿದರೆ ಕಡಿಮೆ ದರದ್ದನ್ನೇ ಹೇಳುತ್ತಾರೆ. ಹೀಗೆ ಕೇಳಿ: ‘ಮಂಡಿಯ ಎಂಆರ್‌ಐ, ಒಂದು ಕಾಲು, ಕಾಂಟ್ರಾಸ್ಟ್ ಇಲ್ಲ. ವರದಿ, ಫಿಲ್ಮ್, ಸಿಡಿ ಎಲ್ಲ ಸೇರಿ ಎಷ್ಟಾಗುತ್ತದೆ? ಯಂತ್ರ ಎಷ್ಟು ಟೆಸ್ಲಾ? ವರದಿ ಯಾವಾಗ ಸಿಗುತ್ತದೆ? ರಾತ್ರಿ ಹೊತ್ತು ಬಂದರೆ ಕಡಿಮೆಯಾಗುತ್ತದಾ?’ ಯಂತ್ರ ಖಾಲಿ ಇರುವ ಹೊತ್ತಿಗೆ ರಿಯಾಯಿತಿ ಕೊಡುವ ಸೆಂಟರ್‌ಗಳಿವೆ. ಕೇಳದೆ ಅವರಾಗಿಯೇ ಹೇಳುವುದು ಅಪರೂಪ.

ಮಕ್ಕಳಿಗೆ ಮತ್ತು ಒಳಗೆ ಮಲಗಲು ಭಯಪಡುವವರಿಗೆ ಮಂಪರು ಬರಿಸುವ ಔಷಧಿ ಕೊಡಬೇಕಾಗಬಹುದು. ಅದಕ್ಕೆ ಅರಿವಳಿಕೆ ವೈದ್ಯರ ಶುಲ್ಕ ಬೇರೆ, ಅದನ್ನೂ ಕೇಳಿಕೊಳ್ಳಿ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ, 2017ರಲ್ಲಿ ತಿದ್ದುಪಡಿಯಾಗಿದೆ. ಖಾಸಗಿ ಆಸ್ಪತ್ರೆ, ಸೆಂಟರ್‌ಗಳು ತಮ್ಮ ದರವನ್ನು ಜನರಿಗೆ ಕಾಣುವಂತೆ ಹಾಕಬೇಕು ಎಂದು ಅದು ಹೇಳುತ್ತದೆ. ಹಾಕಿದ ದರಕ್ಕಿಂತ ಜಾಸ್ತಿ ಕೇಳಿದರೆ ಜಿಲ್ಲಾಧಿಕಾರಿ ನೇತೃತ್ವದ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು.

ಹಂತ 4: ನಿಮ್ಮ ಪಾಲಿಸಿಯಲ್ಲಿ ಐದು ಕಡೆ ಕಣ್ಣಾಡಿಸಿ

ಖಾಸಗಿ ವಿಮೆ ಇರುವವರು ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ. ಪಾಲಿಸಿ ಪುಸ್ತಕ ಎಷ್ಟೇ ದಪ್ಪ ಇರಲಿ, ಸ್ಕ್ಯಾನ್ ವಿಷಯಕ್ಕೆ ಬೇಕಾಗುವುದು ಐದೇ ಜಾಗ.

ಮೊದಲನೆಯದು ಓಪಿಡಿ. ದಾಖಲಾಗದೆ ಮಾಡಿಸುವ ಪರೀಕ್ಷೆಗೂ ಹಣ ಕೊಡುವ ಸೌಲಭ್ಯ ನಿಮ್ಮ ಪಾಲಿಸಿಯಲ್ಲಿ ಇದೆಯಾ ನೋಡಿ. ಕಂಪನಿ ಕೊಟ್ಟ ಗ್ರೂಪ್ ಪಾಲಿಸಿಗಳಲ್ಲಿ ಕೆಲವೊಮ್ಮೆ ಇರುತ್ತದೆ, ಆದರೆ ವರ್ಷಕ್ಕೆ ಇಷ್ಟೇ ಎಂಬ ಸಣ್ಣ ಮಿತಿ ಇರುತ್ತದೆ. ಮಿತಿ 5,000 ಇದ್ದು ಎಂಆರ್‌ಐ 8,000 ಆದರೆ ಉಳಿದ 3,000 ನಿಮ್ಮದೇ. ನೀವೇ ತೆಗೆದುಕೊಂಡ ಸಾಮಾನ್ಯ ಪಾಲಿಸಿಯಲ್ಲಿ ಇದು ಇಲ್ಲದಿರುವುದೇ ಹೆಚ್ಚು.

ಎರಡನೆಯದು ದಾಖಲಾಗುವ ಮುಂಚಿನ ಖರ್ಚು. ತುಂಬಾ ಜನ ಕೈಬಿಡುವ ಹಣ ಇದೇ. ಆಸ್ಪತ್ರೆಗೆ ಸೇರುವ ಮುಂಚಿನ 30 ದಿನ, 60 ದಿನ, ಕೆಲವು ಪಾಲಿಸಿಗಳಲ್ಲಿ 90 ದಿನದೊಳಗೆ ಅದೇ ಕಾಯಿಲೆಗೆ ಮಾಡಿಸಿದ ಸ್ಕ್ಯಾನ್ ಖರ್ಚು ವಾಪಸ್ ಬರುತ್ತದೆ. ಹಲವು ಕಂಪನಿಗಳು ಮಾರುವ ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ ಇದು 30 ದಿನ. ಬಿಡುಗಡೆಯಾದ ನಂತರದ 60 ದಿನವೂ ಸೇರುತ್ತದೆ, ಪ್ರತಿ ಕ್ಲೈಮ್‌ನಲ್ಲಿ 5% ಮಾತ್ರ ನೀವು ಕೊಡಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ ನೋಡೋಣ. ಜೂನ್ 1ಕ್ಕೆ 8,000 ಕೊಟ್ಟು ಮಂಡಿಯ ಎಂಆರ್‌ಐ ಮಾಡಿಸಿದಿರಿ. ಲಿಗಮೆಂಟ್ ಹರಿದಿದೆ, ಆಪರೇಷನ್ ಬೇಕು ಎಂದರು. ಜೂನ್ 25ಕ್ಕೆ ಸೇರಿದರೆ 30 ದಿನದ ಪಾಲಿಸಿಯಲ್ಲೂ ಆ 8,000 ಕ್ಲೈಮ್‌ಗೆ ಸೇರುತ್ತದೆ. ಜುಲೈ 10ಕ್ಕೆ ಸೇರಿದರೆ 30 ದಿನದ ಪಾಲಿಸಿಯಲ್ಲಿ ಬರುವುದಿಲ್ಲ, 60 ದಿನದ್ದರಲ್ಲಿ ಬರುತ್ತದೆ. ಡಾಕ್ಟರ್ ‘ಯಾವಾಗ ಬೇಕಾದರೂ ಮಾಡಿಸಬಹುದು’ ಎಂದಿರುವ ಆಪರೇಷನ್ ಆದರೆ ಈ ತಾರೀಖನ್ನು ನೋಡಿ ದಿನ ಗೊತ್ತು ಮಾಡಿ. ಆಪರೇಷನ್ ಬೇಡ, ವ್ಯಾಯಾಮ ಸಾಕು ಎಂದರೆ? ನಿಮ್ಮ ಕಾಲಿಗೆ ಒಳ್ಳೆಯದೇ ಆಯಿತು, 8,000 ಮಾತ್ರ ನಿಮ್ಮ ಜೇಬಿನಿಂದಲೇ.

ಮೂರನೆಯದು, ‘ತಪಾಸಣೆಗಾಗಿ ದಾಖಲಾತಿ’ ಎಂಬ ಹೊರಗಿಡುವಿಕೆ. ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಇದರ ಸಂಕೇತ ಎಕ್ಸ್‌ಕ್ಲೂಷನ್ 04. ಬರೀ ಪರೀಕ್ಷೆ ಮಾಡಿಸಲು ಅಡ್ಮಿಟ್ ಆದರೆ ಹಣ ಇಲ್ಲ. ಈಗಿನ ಕಾಯಿಲೆಗೆ ಸಂಬಂಧವಿಲ್ಲದ ಪರೀಕ್ಷೆ ಮಾಡಿಸಿದರೂ ಇಲ್ಲ. ‘ಒಂದು ದಿನ ಅಡ್ಮಿಟ್ ಆಗಿಬಿಡಿ, ಸ್ಕ್ಯಾನ್ ಫ್ರೀ ಆಗುತ್ತೆ’ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಕ್ಲೈಮ್ ತಿರಸ್ಕಾರವಾದರೆ ಎಂಟು ಸಾವಿರದ ಜಾಗದಲ್ಲಿ ರೂಮು, ನರ್ಸಿಂಗ್ ಎಲ್ಲ ಸೇರಿ ಮೂವತ್ತು ಸಾವಿರ ನಿಮ್ಮ ತಲೆಗೆ ಬರಬಹುದು. ಸುಳ್ಳು ಕಾರಣ ಬರೆಸಿದ್ದು ಗೊತ್ತಾದರೆ ಪಾಲಿಸಿಯೇ ಹೋಗುತ್ತದೆ.

ನಾಲ್ಕನೆಯದು ರೂಮು ಬಾಡಿಗೆ ಮಿತಿ. ಮಿತಿಗಿಂತ ದುಬಾರಿ ರೂಮು ತೆಗೆದುಕೊಂಡರೆ ಕಂಪನಿ ಇಡೀ ಬಿಲ್ಲಿಗೆ ಅದೇ ಅನುಪಾತದಲ್ಲಿ ಕತ್ತರಿ ಹಾಕುತ್ತದೆ ಎಂದು ಕೇಳಿರುತ್ತೀರಿ. ಸ್ಕ್ಯಾನ್ ಖರ್ಚಿಗೆ ಆ ಕತ್ತರಿ ಹಾಕುವಂತಿಲ್ಲ. ಔಷಧಿ, ದೇಹದೊಳಗೆ ಕೂರಿಸುವ ಉಪಕರಣ ಮತ್ತು ರೋಗಪತ್ತೆ ಪರೀಕ್ಷೆಗಳನ್ನು ಈ ಅನುಪಾತದ ಕಡಿತದಿಂದ ಪ್ರಾಧಿಕಾರ 2020ರಲ್ಲೇ ಹೊರಗಿಟ್ಟಿದೆ. ಕ್ಲೈಮ್ ಹಣ ಬಂದಾಗ ಯಾವುದಕ್ಕೆ ಎಷ್ಟು ಕಡಿದಿದ್ದಾರೆ ಎಂಬ ವಿವರ ತರಿಸಿಕೊಂಡು ನೋಡಿ. ಇನ್ನೊಂದು ವಿಷಯ: ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಜನರಲ್ ವಾರ್ಡಿನವರಿಗೆ ಒಂದು ದರ, ಸಿಂಗಲ್ ರೂಮಿನವರಿಗೆ ಅದೇ ಸ್ಕ್ಯಾನ್‌ಗೆ ಇನ್ನೊಂದು ದರ ಇರುತ್ತದೆ. ರೂಮು ಆರಿಸುವಾಗಲೇ ಕೇಳಿ.

ಐದನೆಯದು ಕಾಯುವ ಅವಧಿ. ಪಾಲಿಸಿ ತೆಗೆದುಕೊಳ್ಳುವಾಗ ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ 36 ತಿಂಗಳು ಕಾಯಬೇಕು. ಇದಕ್ಕೂ ಸ್ಕ್ಯಾನ್‌ಗೂ ಏನು ಸಂಬಂಧ ಎನ್ನುತ್ತೀರಾ? ಸ್ಕ್ಯಾನ್ ಮುಂಚೆ ತುಂಬುವ ಫಾರಂನಲ್ಲಿ ‘ಎಷ್ಟು ದಿನದಿಂದ ನೋವು’ ಎಂಬ ಕಾಲಂ ಇರುತ್ತದೆ. ಮೂರು ತಿಂಗಳಿಂದ ನೋವಿರುವವರು ಮಾತಿನ ಭರದಲ್ಲಿ ‘ಅಯ್ಯೋ, ವರ್ಷಗಳಿಂದ ಇದೆ’ ಎಂದುಬಿಡುತ್ತಾರೆ. ಅದು ವರದಿಯಲ್ಲಿ ಅಚ್ಚಾಗುತ್ತದೆ. ವಿಮಾ ಕಂಪನಿ ಅದನ್ನೇ ಹಿಡಿದು ‘ಹಳೆಯ ಕಾಯಿಲೆ’ ಎನ್ನುತ್ತದೆ. ಇದ್ದದ್ದನ್ನು ಇದ್ದ ಹಾಗೆ, ನೆನಪು ಮಾಡಿಕೊಂಡು ಸರಿಯಾಗಿ ಹೇಳಿ. ಬರೆದದ್ದನ್ನು ಓದಿಯೇ ಸಹಿ ಹಾಕಿ.

ಹಂತ 5: ಬಿಪಿಎಲ್ ಕಾರ್ಡ್, ಇಎಸ್‌ಐ ಇದ್ದರೆ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರ) 30% ಸರ್ಕಾರ ಕೊಡುತ್ತದೆ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ. ಇಲ್ಲಿ ದಾರಿ ಸರ್ಕಾರಿ ಆಸ್ಪತ್ರೆಯಿಂದಲೇ ಶುರುವಾಗಬೇಕು. ಅಲ್ಲಿ ಆಗದ ಚಿಕಿತ್ಸೆಯಾದರೆ ರೆಫರಲ್ ಬರೆದುಕೊಡುತ್ತಾರೆ, ಅದನ್ನು ಹಿಡಿದು ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ನೇರವಾಗಿ ಹೋಗಬಹುದು. ಚಿಕಿತ್ಸೆಯ ಪ್ಯಾಕೇಜ್ ಒಳಗೇ ಅದಕ್ಕೆ ಬೇಕಾದ ಪರೀಕ್ಷೆಗಳೂ ಸೇರಿರುತ್ತವೆ. ಹಾಗಾಗಿ ಮೊದಲು ಹೊರಗೆ ಖಾಸಗಿಯಾಗಿ ಎಂಆರ್‌ಐ ಮಾಡಿಸಿಕೊಂಡು ಆಮೇಲೆ ಕಾರ್ಡ್ ತೋರಿಸಿದರೆ ಆ ಹಣ ವಾಪಸ್ ಸಿಗುವುದು ಕಷ್ಟ. ಊರಿಂದ ಬರುವ ಬಡವರು ಇದು ಗೊತ್ತಿಲ್ಲದೆ ಕೈಸಾಲ ಮಾಡಿ ಸ್ಕ್ಯಾನ್ ಮಾಡಿಸಿಕೊಂಡೇ ಬರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಿಮಗೆ ಗೊತ್ತಿರುವವರಿಗೆ ದಯವಿಟ್ಟು ಇದನ್ನು ಹೇಳಿ: ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ, ಆಮೇಲೆ ಸ್ಕ್ಯಾನ್. ದೊಡ್ಡ ಆಸ್ಪತ್ರೆಗಳಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರ ಕೌಂಟರ್ ಇರುತ್ತದೆ, ಕಾಗದದ ವಿಷಯ ಅವರನ್ನೇ ಕೇಳಿ.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಗಾರ್ಮೆಂಟ್ಸ್, ಸೆಕ್ಯುರಿಟಿ, ಅಂಗಡಿ ಕೆಲಸದವರಲ್ಲಿ ತುಂಬಾ ಜನರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತದೆ. ಸಂಬಳದಿಂದ 0.75%, ಮಾಲೀಕರಿಂದ 3.25%. ಇದರಲ್ಲಿ ಓಪಿಡಿ ಕೂಡ ಸೇರಿದೆ. ಇಎಸ್‌ಐ ಡಿಸ್ಪೆನ್ಸರಿ ಅಥವಾ ಆಸ್ಪತ್ರೆಯ ವೈದ್ಯರು ಬರೆದುಕೊಟ್ಟರೆ ಸ್ಕ್ಯಾನ್‌ಗೆ ನೀವು ಹಣ ಕೊಡಬೇಕಿಲ್ಲ. ಅಲ್ಲಿ ಯಂತ್ರ ಇಲ್ಲದಿದ್ದರೆ ಒಪ್ಪಂದ ಇರುವ ಸೆಂಟರ್‌ಗೆ ಕಳಿಸುತ್ತಾರೆ. ಮನೆಯವರಿಗೂ ಅನ್ವಯಿಸುತ್ತದೆ. ಈ ಕಾರ್ಡ್ ಇದ್ದೂ ಬಳಸದವರು ತುಂಬಾ ಇದ್ದಾರೆ.

ಹಂತ 6: ಯಾವ ವಿಮೆಯೂ ಇಲ್ಲದಿದ್ದರೆ

ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳನ್ನು ಮೊದಲು ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ) ಇಂಥವು. ನರ, ಮಿದುಳಿನ ತೊಂದರೆಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ ಇದ್ದೇ ಇವೆ. ದರ ಖಾಸಗಿಗಿಂತ ತೀರಾ ಕಡಿಮೆ, ಬಡವರಿಗೆ ರಿಯಾಯಿತಿಯೂ ಇದೆ. ಅಲ್ಲಿ ಕಾಯಬೇಕಾಗುತ್ತದೆ. ಹೋಗುವ ಮುಂಚೆ ಯಂತ್ರ ನಡೆಯುತ್ತಿದೆಯಾ, ಸರದಿ ಎಷ್ಟು ದಿನ ಇದೆ ಎಂದು ವಿಚಾರಿಸಿ. ಕಾಯಬಹುದು ಎಂದು ಡಾಕ್ಟರ್ ಹೇಳಿದ್ದರೆ ಹದಿನೈದು ದಿನದ ಸರದಿಗೆ ಹೆದರಬೇಡಿ.

ಹಳೆಯ ಸ್ಕ್ಯಾನ್ ಇದ್ದರೆ ಅದರ ಸಿಡಿ ತೆಗೆದುಕೊಂಡು ಹೋಗಿ. ಹೊಸ ಆಸ್ಪತ್ರೆಯಲ್ಲಿ ‘ನಮ್ಮಲ್ಲೇ ಮತ್ತೆ ಮಾಡಿಸಿ’ ಎಂದರೆ, ‘ಈ ಸಿಡಿಯನ್ನು ನಿಮ್ಮ ರೇಡಿಯಾಲಜಿಸ್ಟ್ ನೋಡಬಹುದಾ?’ ಎಂದು ಕೇಳಿ. ಮತ್ತೊಮ್ಮೆ ನೋಡಿ ಅಭಿಪ್ರಾಯ ಕೊಡುವ ಶುಲ್ಕ ಹೊಸ ಸ್ಕ್ಯಾನ್‌ಗಿಂತ ತುಂಬಾ ಕಡಿಮೆ.

60 ದಾಟಿದ ಅಪ್ಪ ಅಮ್ಮನಿಗೆ ವಿಮೆ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚಿನಲ್ಲಿ ವರ್ಷಕ್ಕೆ 50,000ದವರೆಗೆ ಆದಾಯದಲ್ಲಿ ಕಡಿತ ಪಡೆಯಬಹುದು. 80ಡಿ ಎಂದು ನಾವೆಲ್ಲ ಕರೆಯುವ ಈ ಕಡಿತ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹಣ ನಗದಾಗಿ ಕೊಟ್ಟಿರಬಾರದು, ಯುಪಿಐ, ಕಾರ್ಡ್, ಚೆಕ್ ಆಗಬೇಕು.

ಹಂತ 7: ಸ್ಕ್ಯಾನ್ ದಿನ

ದೇಹದಲ್ಲಿ ಪೇಸ್‌ಮೇಕರ್, ಲೋಹದ ಕ್ಲಿಪ್, ರಾಡ್ ಇದ್ದರೆ ಎಂಆರ್‌ಐಗೆ ಬುಕ್ ಮಾಡುವಾಗಲೇ ಹೇಳಿ, ಜೀವದ ಪ್ರಶ್ನೆ ಅದು. ಗರ್ಭಿಣಿಯರ ಅಲ್ಟ್ರಾಸೌಂಡ್‌ಗೆ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಂತೆ ಫಾರಂ ತುಂಬಿಸಿಕೊಳ್ಳುತ್ತಾರೆ, ಗುರುತಿನ ಚೀಟಿ ಜೊತೆಗಿರಲಿ.

ಹಣ ಕಟ್ಟುವಾಗ ಬಿಲ್ ಮತ್ತು ರಸೀದಿ ಎರಡನ್ನೂ ಕೇಳಿ ತೆಗೆದುಕೊಳ್ಳಿ. ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಡಿಮೆ ಮಾಡ್ತೀವಿ’ ಎಂದರೆ ಒಪ್ಪಬೇಡಿ. ಬಿಲ್ ಇಲ್ಲದೆ ಕ್ಲೈಮ್ ಇಲ್ಲ, ತೆರಿಗೆ ಲಾಭವೂ ಇಲ್ಲ. ಚೀಟಿ, ಬಿಲ್, ರಸೀದಿ, ವರದಿಯಲ್ಲಿ ಹೆಸರು ಒಂದೇ ಥರ ಇರಬೇಕು. ಒಂದರಲ್ಲಿ ‘ಲಕ್ಷ್ಮಮ್ಮ’, ಇನ್ನೊಂದರಲ್ಲಿ ‘ಲಕ್ಷ್ಮೀ’ ಎಂದಿದ್ದರೆ ಅಲ್ಲೇ ತಿದ್ದಿಸಿ. ಎಲ್ಲಕ್ಕೂ ಫೋನಿನಲ್ಲಿ ಫೋಟೊ ತೆಗೆದಿಡಿ. ಬಿಸಿಯಿಂದ ಅಚ್ಚಾಗುವ ನುಣುಪು ಕಾಗದದ ರಸೀದಿ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ.

ಹಂತ 8: ಕ್ಲೈಮ್ ಹಾಕುವುದು

ಆಸ್ಪತ್ರೆಯಲ್ಲಿ ಸೇರಿರುವಾಗಲೇ ಆದ ಸ್ಕ್ಯಾನ್ ಕ್ಯಾಶ್‌ಲೆಸ್ ಬಿಲ್ಲಿನಲ್ಲೇ ಹೋಗುತ್ತದೆ. 2024ರ ಮೇ ತಿಂಗಳ ವಿಮಾ ನಿಯಂತ್ರಣ ಪ್ರಾಧಿಕಾರದ ಸುತ್ತೋಲೆಯಂತೆ ಕ್ಯಾಶ್‌ಲೆಸ್ ಮನವಿಗೆ ಒಂದು ಗಂಟೆಯೊಳಗೆ, ಬಿಡುಗಡೆ ವೇಳೆಯ ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಜಾಸ್ತಿ ಹಣ ಹಾಕಿದರೆ ಅದನ್ನು ಕಂಪನಿಯೇ ಹೊರಬೇಕು.

ಮುಂಚೆ ಹೊರಗೆ ಮಾಡಿಸಿದ ಸ್ಕ್ಯಾನ್‌ಗೆ ಬೇರೆ ಅರ್ಜಿ ಹಾಕಬೇಕು. ಕ್ಯಾಶ್‌ಲೆಸ್ ಆಯಿತಲ್ಲ ಎಂದು ಸುಮ್ನೆ ಇದ್ದುಬಿಟ್ಟರೆ ಆ ಹಣ ಹೋದಂತೆಯೇ. ಕ್ಲೈಮ್ ಫಾರಂ, ವೈದ್ಯರ ಚೀಟಿ, ಮೂಲ ಬಿಲ್ ಮತ್ತು ರಸೀದಿ, ವರದಿಯ ಪ್ರತಿ, ಡಿಸ್ಚಾರ್ಜ್ ಸಮ್ಮರಿ (ಬಿಡುಗಡೆ ವೇಳೆ ಆಸ್ಪತ್ರೆ ಕೊಡುವ ಚಿಕಿತ್ಸೆಯ ವಿವರ), ರದ್ದು ಮಾಡಿದ ಚೆಕ್ ಬೇಕು. ಆರೋಗ್ಯ ಸಂಜೀವನಿಯಲ್ಲಿ ಬಿಡುಗಡೆಯಾದ 30 ದಿನದೊಳಗೆ ಕೊಡಬೇಕು. ಬಿಡುಗಡೆ ನಂತರದ ಖರ್ಚಿಗೆ, ಆ ಚಿಕಿತ್ಸೆ ಮುಗಿದ 15 ದಿನದೊಳಗೆ. ನಿಮ್ಮ ಪಾಲಿಸಿಯ ಗಡುವು ಎಷ್ಟು ಎಂದು ನೋಡಿಕೊಳ್ಳಿ.

ಡಿಸ್ಚಾರ್ಜ್ ಸಮ್ಮರಿಯನ್ನು ಮನೆಗೆ ಬಂದು ಓದಬೇಡಿ, ಆಸ್ಪತ್ರೆಯಲ್ಲೇ ಓದಿ. ಯಾಕೆ ಸೇರಿಸಬೇಕಾಯಿತು, ಯಾವ ಔಷಧಿ ಕೊಟ್ಟರು, ಯಾವ ಸ್ಕ್ಯಾನ್ ಯಾವ ತಾರೀಖಿಗೆ ಆಯಿತು ಎಂಬುದು ಅದರಲ್ಲಿ ಇರಬೇಕು. ಮೂರು ದಿನ ಡ್ರಿಪ್, ಇಂಜೆಕ್ಷನ್ ಕೊಟ್ಟಿದ್ದರೂ ‘ತಪಾಸಣೆಗೆ ದಾಖಲು’ ಎಂದಷ್ಟೇ ಬರೆದಿದ್ದರೆ ಕಂಪನಿಗೆ ಎಕ್ಸ್‌ಕ್ಲೂಷನ್ 04 ತೋರಿಸಲು ದಾರಿ ಸಿಗುತ್ತದೆ. ನಡೆದದ್ದನ್ನು ಪೂರ್ತಿ ಬರೆಯಲು ವೈದ್ಯರನ್ನು ಕೇಳಿ.

ಹಂತ 9: ಕ್ಲೈಮ್ ತಿರಸ್ಕಾರವಾದರೆ

ಫೋನಿನ ಮಾತಿಗೆ ಬಿಡಬೇಡಿ. ಪಾಲಿಸಿಯ ಯಾವ ಷರತ್ತಿನ ಮೇಲೆ ತಿರಸ್ಕರಿಸಿದ್ದೀರಿ ಎಂದು ಬರವಣಿಗೆಯಲ್ಲಿ ಕೇಳಿ. ಆ ಷರತ್ತನ್ನು ಪಾಲಿಸಿಯಲ್ಲಿ ಹುಡುಕಿ ಓದಿ, ಎಷ್ಟೋ ಸಲ ಅದು ನಿಮ್ಮ ವಿಷಯಕ್ಕೆ ಹೊಂದುವುದೇ ಇಲ್ಲ. ಚಿಕಿತ್ಸೆ ಕೊಟ್ಟ ವೈದ್ಯರಿಂದ ‘ಈ ಸ್ಕ್ಯಾನ್ ಈ ಚಿಕಿತ್ಸೆಗೆ ಯಾಕೆ ಬೇಕಾಗಿತ್ತು’ ಎಂದು ಒಂದು ಪತ್ರ ಬರೆಸಿಕೊಳ್ಳಿ. ಅದರ ಜೊತೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ಹಾಕಬಹುದು, 155255ಕ್ಕೆ ಕರೆ ಮಾಡಿಯೂ ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಕಂಪನಿ ಮೇಲಿನ ದೂರನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷದವರೆಗಿನ ದೂರು ಕೇಳುತ್ತಾರೆ. ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು. ಹೋಗುವಾಗ ತಿರಸ್ಕಾರದ ಪತ್ರ, ನೀವು ಕಂಪನಿಗೆ ಬರೆದ ದೂರು, ವೈದ್ಯರ ಪತ್ರ ಮತ್ತು ಎಲ್ಲ ಬಿಲ್‌ಗಳ ಪ್ರತಿ ಜೊತೆಗಿರಲಿ.